ಬಾಗಿಲಿನ ಗರಿ ಶಿಲುಬೆ

ಪೋರ್ಟ್ ಲೂಯಿ
22 ಜೂನ್ 1975, ಭಾನುವಾರ

ನನ್ನ ಜೈನಬ್,

ಏಳು ವರ್ಷದ ಮೇಲೆ ನಿನ್ನ ಕೈಬರಹ ನೋಡಿದೆ. ಲಕೋಟೆಯ ಮೇಲೆ ನನ್ನ ಹೆಸರಿನ ಬಾಲ ಈಗಲೂ ಕೆಳಗಿಳಿದು ಸುತ್ತಿಕೊಂಡಿದೆ. ಅದಕ್ಕೇ ಅಲ್ಲವೇ ಮೇಷ್ಟ್ರು ನಿನ್ನ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದುದು? ಇಬ್ಬರೂ ಇದೇ ಊರಿನಲ್ಲಿದ್ದೇವೆ, ನಡೆದರೆ ಅರ್ಧ ಗಂಟೆಯ ದಾರಿ. ಆದರೂ ನಿನ್ನ ಮಾತು ಅಂಚೆಯಲ್ಲಿ ಬರಬೇಕಾಯಿತು.

ಆಗಸ್ಟಿನಲ್ಲಿ ನಿನ್ನ ಮದುವೆ. ನಾನು ಬರಬೇಕೆಂದು ನಿನಗೆ ಆಸೆ. ನಿನ್ನಪ್ಪ ಇದ್ರಿಸ್ ಚಾಚಾ ಹೇಳಿದ್ದನ್ನೂ ನೀನು ಮುಚ್ಚಿಡದೆ ಬರೆದಿದ್ದೀಯ: "ನಮ್ಮ ಬಾಗಿಲಿಗೆ ಶಿಲುಬೆ ಕಟ್ಟಿದ್ದು ಯಾರು ಅಂತ ಗೊತ್ತಾಗೋ ತನಕ ಆ ಬೀದಿಯವರು ಯಾರೂ ನನ್ನ ಹೊಸ್ತಿಲು ತುಳಿಯೋದು ಬೇಡ." ನನಗೇನಾದರೂ ಗೊತ್ತೇ ಎಂದು ಕೇಳಿದ್ದೀಯ.

ಉತ್ತರ ಬರೆಯಲು ಮೂರು ಸಲ ಕೂತೆ. ಎರಡು ಸಲ ಬರೆದದ್ದು ಕರಪತ್ರವಾಯಿತು. ನಗಬೇಡ. ನನ್ನ ಮಂಚದ ಕೆಳಗೆ ಸೋಪಿನ ಪೆಟ್ಟಿಗೆಯ ತುಂಬ ಕರಪತ್ರಗಳಿವೆ, ಒಂದೊಂದನ್ನೂ ಬಾಯಿಪಾಠ ಬರುವಷ್ಟು ಓದಿದ್ದೇನೆ. ಕಳೆದ ತಿಂಗಳು ವಿದ್ಯಾರ್ಥಿಗಳು ಬೀದಿಗಿಳಿದಾಗ ನಾನೂ ಸೇತುವೆಯ ತನಕ ಹೋಗಿ ಅಶ್ರುವಾಯು ಕುಡಿದು ಬಂದೆ. ಅಮ್ಮ ಬಾಗಿಲಲ್ಲೇ ತಡೆದು, "ದೇಶಾನ ಆಮೇಲೆ ಉದ್ಧಾರ ಮಾಡುವಿಯಂತೆ, ಮೊದಲು ಆ ಮುಖ ತೊಳ್ಕೋ" ಎಂದಳು.

ಆ ಕರಪತ್ರಗಳು ಹೇಳುವುದನ್ನು ನಾನು ನಂಬುತ್ತೇನೆ. ನಮ್ಮವರನ್ನು ಈ ದ್ವೀಪದ ದಡಕ್ಕೆ ಸರಪಳಿ ಹಾಕಿ ಇಳಿಸಿದರು, ನಿಮ್ಮವರನ್ನು ಕೂಲಿ ಕರಾರಿಗೆ ಹೆಬ್ಬೆಟ್ಟು ಒತ್ತಿಸಿ ಇಳಿಸಿದರು. ಇಬ್ಬರ ಬೆನ್ನು ಬಾಗಿದ್ದೂ ಅದೇ ಕಬ್ಬಿಗೆ. ಸ್ವಾತಂತ್ರ್ಯಕ್ಕೆ ಎರಡು ತಿಂಗಳಿರುವಾಗ ನಿಮ್ಮವರೂ ನಮ್ಮವರೂ ಈ ಓಣಿಗಳಲ್ಲಿ ಒಬ್ಬರ ಮೇಲೊಬ್ಬರು ಕಲ್ಲು ಬೀರಿದೆವು. ಕಬ್ಬಿನ ಒಡೆಯರು ಬೆಟ್ಟದ ಮೇಲಿನ ತಂಪಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಇದೆಲ್ಲ ನಿಜ. ಆದರೆ ಚಾಚಾ ನನ್ನಿಂದ ಇತಿಹಾಸ ಕೇಳಿಲ್ಲ, ಒಂದು ಹೆಸರು ಕೇಳಿದ್ದಾರೆ.

ಈ ಮೂರನೆಯ ಸಲ ಬರೆಯುವಾಗ ನೆನಪಾಗುತ್ತಿರುವುದೇ ಬೇರೆ. ಚರ್ಚಿನಲ್ಲಿ ನನ್ನ ಪ್ರಥಮ ಪರಮಪ್ರಸಾದದ ದಿನದ ಬಿಳಿ ಉಡುಪನ್ನು ಹೊಲಿದದ್ದು ಚಾಚಾ. ಬೀದಿಯ ಎಲ್ಲ ಹುಡುಗಿಯರದ್ದೂ ಅವರೇ ಹೊಲಿದರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅಮ್ಮನಿಗೆ ದೂರು ಹೇಳಿದರು: "ಇವಳು ದೇವರ ಹತ್ತಿರ ಹೋಗೋವಾಗಲೂ ನೆಟ್ಟಗೆ ನಿಲ್ಲಲ್ಲ ನೋಡಿ." ಸೊಂಟದ ಪಟ್ಟಿಯ ಅಂಚನ್ನು ಯಂತ್ರಕ್ಕೆ ಕೊಡದೆ ಕೈಯಲ್ಲೇ ಹೊಲಿದರು, ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ. ಈದ್ ದಿನ ನಿಮ್ಮ ಮನೆಯ ಶಾವಿಗೆಯಲ್ಲಿ ದ್ರಾಕ್ಷಿ ಯಾರಿಗೆ ಹೆಚ್ಚು ಬಂತೆಂದು ನಾವಿಬ್ಬರೂ ಜಡೆ ಹಿಡಿದು ಜಗಳಾಡಿದ್ದೆವು.

ನಿಮ್ಮ ಮನೆಯ ತಗಡು ಹಾರಿಹೋದ ಚಂಡಮಾರುತ ನೆನಪಿದೆಯೇ? ನೀವೆಲ್ಲ ನಮ್ಮ ಮನೆಗೆ ಬಂದಿರಿ. ಅಮ್ಮ ನಮ್ಮ ಬಾಗಿಲ ಹಿಂದೆ ನೇತಾಡುತ್ತಿದ್ದ ಶಿಲುಬೆ ತೋರಿಸಿದಳು. ಗರಿಗಳ ಭಾನುವಾರ ಚರ್ಚಿನಿಂದ ತಂದ ತಾಳೆಗರಿಯಲ್ಲಿ ಹೆಣೆದದ್ದು. "ಅದಿದ್ರೆ ಗಾಳಿ ಒಳಗೆ ಬರಲ್ಲ ಮಗಾ" ಎಂದಳು. ನೀನು ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿ, "ಹಾಗಾದ್ರೆ ನಮ್ಮ ಬಾಗಿಲಿಗೂ ಒಂದು ಕೊಡಿ ತಾಂತಿನ್" ಅಂದೆ; ನನ್ನಮ್ಮ ನಿನಗೆ ಯಾವಾಗಲೂ ತಾಂತಿನ್, ಚಿಕ್ಕಮ್ಮ. ಅಮ್ಮ, "ನಿಮ್ಮಪ್ಪ ನನ್ನ ಬಾಯಿಗೇ ಹೊಲಿಗೆ ಹಾಕ್ತಾನೆ" ಎಂದು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವರು ಚಾಚಾ.

ಈಗ ನಿಮ್ಮ ಮನೆಯಲ್ಲಿರುವುದು ಕ್ಲೆಲಿ ಅಜ್ಜಿಯ ಸಂಸಾರ. ನಿಮ್ಮವರೇ ಹೆಚ್ಚಿದ್ದ ಓಣಿಯಲ್ಲಿ ನಮ್ಮವರಾದ ಅವರಿಗೂ ಇರಲಾಗಲಿಲ್ಲ. ನೀವು ಬೀದಿ ಬಿಟ್ಟ ಆ ಸಂಜೆ ಲೀ ಅಂಗಡಿಯ ಕಟ್ಟೆಯ ಮುಂದೆ ಚಾಚಾ ಮತ್ತು ಅಜ್ಜಿಯ ಮಗ ಮನೆಯ ಬೀಗದ ಕೈ ಬದಲಾಯಿಸಿಕೊಂಡರು, ಮುಖ ನೋಡಿಕೊಳ್ಳಲಿಲ್ಲ. ಬೀದಿ ಬಿಟ್ಟು ಹೋಗಿ ಎಂಬ ಬೆದರಿಕೆಯೆಂದೇ ತಿಳಿದ ಆ ಶಿಲುಬೆಯನ್ನು ಹೊರಡುವಾಗ ಚಾಚಾ ಮುಟ್ಟಲೂ ಇಲ್ಲ. ಬಾಗಿಲಲ್ಲಿ ಅದನ್ನು ಕಂಡ ಅಜ್ಜಿ ಏನೆಂದುಕೊಂಡಳು ಗೊತ್ತೇ? ನನಗೆ ಅದೆಷ್ಟು ಸಲ ಹೇಳಿದ್ದಾಳೆ: "ಓಡಿಹೋಗೋ ಗಡಿಬಿಡೀಲೂ ಆ ದರ್ಜಿ ನಮಗೋಸ್ಕರ ಬಾಗಿಲಿಗೆ ಶಿಲುಬೆ ಕಟ್ಟಿ ಹೋಗಿದಾನೆ. ಅಂಥವನನ್ನ ಇಟ್ಕೊಳ್ಳೋಕೆ ಆಗಲಿಲ್ವಲ್ಲ ನಿಮಗೆ." ಇವತ್ತಿಗೂ ಪ್ರತಿ ಭಾನುವಾರ ಚಾಚಾ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚುತ್ತಾಳೆ. ನಾನು ಹೂಂಗುಟ್ಟಿ ಮನೆಗೆ ಬರುತ್ತೇನೆ.

ಕ್ಷಮಿಸು, ಹಾಳೆ ಮುಗಿಯಿತು, ಹೆಸರು ಬರೆಯಲಾಗಲಿಲ್ಲ. ಮದುವೆಯ ದಿನ ನಿನ್ನ ಕೈಗೆ ಮೆಹಂದಿ ಕೆಂಪಾಗಿ ಏರಲಿ.

ಎಂದೂ ನಿನ್ನವಳೇ,
ಸೊಲಾಂಜ್

ಮತ್ತೆ: ಲಕೋಟೆಗೆ ಅಂಟು ಹಚ್ಚಿಯೂ ಆಗಿತ್ತು, ಬಿಚ್ಚಿದೆ. ಜನರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ ಎಂದು ಸಭೆಯಲ್ಲಿ ಕೂಗುವ ನಾನು, ಹನ್ನೆರಡು ವರ್ಷದ ಒಬ್ಬ ಹುಡುಗಿಯನ್ನು ಏಳು ವರ್ಷದಿಂದ ಬಚ್ಚಿಟ್ಟಿದ್ದೇನೆ.

ಕಟ್ಟಿದ್ದು ನಾನು, ಜೈನಬ್. ಬೆಳಗಿನ ನಮಾಜಿಗೆ ಚಾಚಾ ಬಾಗಿಲು ತೆಗೆಯುವ ಮೊದಲೇ, ನಮ್ಮ ಬಾಗಿಲ ಹಿಂದಿನದನ್ನು ಬಿಚ್ಚಿ ತಂದು ನಿಮ್ಮ ಬಾಗಿಲಿಗೆ ಕಟ್ಟಿದೆ. ನೀನು ಒಂದು ಕೇಳಿದ್ದೆಯಲ್ಲ. ಚಂಡಮಾರುತವನ್ನೇ ತಡೆಯುವುದು ಮನುಷ್ಯರನ್ನು ತಡೆಯದೇ ಎಂದುಕೊಂಡೆ. ನೀವು ಸಾಮಾನು ಕಟ್ಟುವಾಗ ನಾನು ಮಂಚದ ಕೆಳಗಿದ್ದೆ.

ಈಗಷ್ಟೇ ಹೋಗಿ ಕ್ಲೆಲಿ ಅಜ್ಜಿಗೂ ಹೇಳಿ ಬಂದೆ. "ಹಾಗಾದ್ರೆ ನನ್ನ ಏಳು ವರ್ಷದ ಮೇಣದಬತ್ತಿ ದಂಡಾನಾ?" ಎಂದು ಗದರಿದಳು. ಆಮೇಲೆ ತಾನೇ ಕುರ್ಚಿ ಹತ್ತಿ ಶಿಲುಬೆಯ ಕಟ್ಟು ಬಿಚ್ಚಿಕೊಟ್ಟು, ಶಿಲುಬೆಯನ್ನು ತನ್ನ ಗೋಣಿದಾರದಿಂದ ಮತ್ತೆ ಅಲ್ಲೇ ಕಟ್ಟಿದಳು.

ಬಿಚ್ಚಿದ್ದನ್ನು ಇದರೊಳಗೆ ಇಟ್ಟಿದ್ದೇನೆ. ಅಂದು ನಾನು ಶಿಲುಬೆ ಕಟ್ಟಿದ್ದು ಅದರಿಂದಲೇ: ನನ್ನ ಬಿಳಿ ಉಡುಪಿನ ಸೊಂಟದ ಪಟ್ಟಿ, ಈಗ ಹಳದಿಯಾಗಿದೆ. ಪತ್ರ ಓದಿ ಹೇಳುವ ಮೊದಲು ಅದನ್ನು ಚಾಚಾ ಕೈಗೆ ಕೊಡು. ಅಂಚಿನ ಹೊಲಿಗೆ ಯಾರದೆಂದು ಅವರಿಗೆ ಗೊತ್ತಾಗುತ್ತದೆ.