ಡಬ್ಬ ಬಿಚ್ಚದ ಕೆಟಲ್

ಅಪ್ಪಾ,

ಡ್ಯೂಟಿಗೆ ಹೊರಟೆ. ಹಾಲು ಕಾಯಿಸಿಟ್ಟಿದ್ದೀನಿ.

ನೀನು ತಂದ ಕೆಟಲ್ ನಾಲ್ಕು ದಿನದಿಂದ ಡಬ್ಬ ಸಮೇತ ಮೇಜಿನ ಮೇಲೇ ಕೂತಿದೆ. ಯಾಕೆ ಅಂತ ನನಗೆ ಗೊತ್ತು. ಹೊಸದು ಏನೇ ಬಂದರೂ ಅಮ್ಮ ತಿರುಗಿಸಿ ನೋಡಿ ಒಂದು ಕೊಂಕು ತೆಗೆಯೋವರೆಗೂ ನಾವು ಮುಟ್ಟುತ್ತಿರಲಿಲ್ಲ. ಅವಳು ಹೋಗಿ ಎರಡು ತಿಂಗಳಾಯಿತಪ್ಪ. ಇನ್ನೆಷ್ಟು ದಿನ ಕಾಯ್ತೀಯ?

ಬೆಳಿಗ್ಗೆ ನಾನೇ ಬಿಚ್ಚಿ ನೋಡಿದೆ. ಮುಚ್ಚಳ ಸ್ವಲ್ಪ ಸಡಿಲ. ಅವಳ ಥರಾನೇ ಹೇಳ್ತೀನಿ, ಕೇಳು: "ಇದನ್ನ ಯಾರ್ರೀ ನಿಮ್ಮ ತಲೆಗೆ ಕಟ್ಟಿದ್ದು?"

ಆಯ್ತಲ್ಲ, ಇನ್ನು ನೀರು ಕಾಯಿಸಿಕೋ.

ನಾನು ಕೊಂಡ ಕೊಡೆಗೂ ಇನ್ನೂ ಯಾರೂ ಬೈದಿಲ್ಲ. ಅದಕ್ಕೇ ಬಿಚ್ಚಲು ಮನಸ್ಸಾಗದೆ ನಿನ್ನೆ ಮಳೆಯಲ್ಲಿ ನೆನೆದುಕೊಂಡೇ ಬಂದೆ. ಬಾಗಿಲ ಹಿಂದೆ ಇದೆ. ಸಂಜೆ ನಾನು ಬರುವಷ್ಟರಲ್ಲಿ ಅದಕ್ಕೊಂದು ಹುಳುಕು ಹುಡುಕಿಡು.