ಆ ಚಿತ್ರದಲ್ಲಿ ಇನ್ನೊಂದು ಬೋಗುಣಿ ಬರೆಸಿ

ಜಿಲ್ಲಾ ಶಾಲಾ ಕಚೇರಿಯ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ಕೈಬರಹ ಸೊಟ್ಟ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ. ಕ್ಷಮಿಸಬೇಕು. ಪತ್ರಿಕೆಯವರು ಈ ಪತ್ರವನ್ನು ತಿದ್ದಿ ಅಚ್ಚು ಹಾಕುತ್ತಾರಂತೆ, ಆದರೆ ಮೂಲಪ್ರತಿ ನಿಮ್ಮ ಮೇಜಿಗೇ ಬರುತ್ತದೆ. ಬುದ್ಧಿ ಸಾಲದ ಮಕ್ಕಳಿಗೆಂದು ತಾವು ನಡೆಸುವ ವಿಶೇಷ ಶಾಲೆಯಲ್ಲಿ ಒಂಬತ್ತು ವರ್ಷ ಕೂತು ನಾಲ್ಕನೇ ತರಗತಿಯಷ್ಟು ಕಲಿತವಳು ನಾನು. ಅಂಥವಳು ಹದಿಹರೆಯದವರಿಗಾಗಿ ಒಂದು ಕಾದಂಬರಿ ಬರೆದೆ. ಕಳೆದ ತಿಂಗಳು ಅದನ್ನು ಜಿಲ್ಲೆಯ ಎಲ್ಲ ಶಾಲಾ ಗ್ರಂಥಾಲಯಗಳಿಂದ ತೆಗೆಸಿದಿರಿ. ಪ್ರವೇಶ ಪರೀಕ್ಷೆಯ ಮೇಲಿನ ವಿಶ್ವಾಸಕ್ಕೆ ಅದರಿಂದ ಧಕ್ಕೆ ಎಂದು ಆದೇಶದಲ್ಲಿದೆ. ಒಂದು ತೆಳ್ಳನೆಯ ಪುಸ್ತಕಕ್ಕೆ ಅಷ್ಟು ಬಲವಿದೆಯೆಂದು ಬರೆದವಳಿಗೇ ತಿಳಿದಿರಲಿಲ್ಲ.

ಕಾದಂಬರಿಯ ಹುಡುಗಿ ನಾನೇ. ಆರು ವರ್ಷದವಳಿದ್ದಾಗ ಹಳ್ಳಿಯ ಶಾಲೆ ಸೇರಲು ತಮ್ಮ ಪರೀಕ್ಷೆಗೆ ಕೂತೆ. ಹಾಳೆಯ ನಡುವೆ ಒಂದು ಬೋಗುಣಿ, ಸುತ್ತ ಅಂಗಿ, ಲೋಟ, ಕಾಲುಚೀಲ, ಮರ. ತೊಳೆಯುವ ವಸ್ತುಗಳಿಂದ ಬೋಗುಣಿಗೆ ಗೆರೆ ಎಳೆಯಬೇಕು. ನಾನು ಅಂಗಿಯಿಂದ ಎಳೆದೆ, ಕಾಲುಚೀಲದಿಂದ ಎಳೆದೆ, ಪೆನ್ಸಿಲ್ ಕೆಳಗಿಟ್ಟೆ. ಜಿಪ್ಸಿಗಳೆಂದು ನೀವು ಕರೆಯುವ ನಮ್ಮ ರೋಮಾ ಜನರ ಕೇರಿಯಲ್ಲಿ ಬಟ್ಟೆಯ ಬೋಗುಣಿ ಬೇರೆ, ಪಾತ್ರೆಯ ಬೋಗುಣಿ ಬೇರೆ. ಕಾಲುಚೀಲ ಅದ್ದಿದ ನೀರು ಲೋಟಕ್ಕೆ ತಾಕಿದರೆ ನನ್ನ ಅಜ್ಜಿ ಯೋಲಾನಾ ಆ ಲೋಟವನ್ನು ಒಡೆದೇ ಹಾಕುತ್ತಾಳೆ.

"ಯಾಕಮ್ಮ, ನಿಮ್ಮನೇಲಿ ಲೋಟ ತೊಳೆಯೋದೇ ಇಲ್ವಾ?" ಎಂದರು ಪರೀಕ್ಷೆಯ ಮೇಡಂ.

"ಅವರಿಗೆಲ್ಲಿ ನೀರಿನ ಪರಿಚಯ, ಬಿಡಿ ಮೇಡಂ," ಎಂದು ಪಕ್ಕದಲ್ಲಿ ಕೂತಿದ್ದ ಅವರ ಸಹಾಯಕಿ ನಕ್ಕಳು.

ಉತ್ತರ ನನಗೆ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ಮನೆಯಲ್ಲಿ ಅಜ್ಜಿ ಕೇಳಿ ಕಿಡಿಕಿಡಿಯಾದಳು: "ಕಾಲುಚೀಲದ ನೀರಲ್ಲಿ ಲೋಟ ಅದ್ದೋರು ನಮಗೆ ಬುದ್ಧಿ ಅಳೀತಾರಾ? ನೀನು ಸರಿಯಾಗೇ ಮಾಡಿದ್ದೀಯ ಕಣೇ, ಚಿನ್ನ." ಸರಿಯಾಗಿ ಮಾಡಿದ್ದಕ್ಕೆ ವಿಶೇಷ ಶಾಲೆಯಲ್ಲಿ ಒಂಬತ್ತು ವರ್ಷ!

ಆ ಉತ್ತರ ಹೇಳಲು ನನಗೆ ಹದಿನೇಳು ವರ್ಷ ಹಿಡಿಯಿತು. ನಾಲ್ಕು ಜನರ ಮುಂದೆ ಮಾತಾಡಲು ಬಾರದವಳು, ಹಾಗಾಗಿ ಬರೆದೆ. ಪುಸ್ತಕ ತೆಗೆಸಿದಾಗ ಧೈರ್ಯ ಮಾಡಿ ತಮ್ಮ ಕೋಣೆಗೂ ಬಂದೆ. ನೆನಪಿದೆಯೇ?

"ನೀನೇ ಬರೆದ್ಯಾಮ್ಮ ಇದನ್ನ?"

"ಹೌದು ಸಾರ್."

"ಹಾಗಾದ್ರೆ ವಿಶೇಷ ಶಾಲೆ ಚೆನ್ನಾಗೇ ಕಲಿಸಿದೆ! ಇನ್ನೇನು ದೂರು?"

ವಂದನೆ ಹೇಳಿ ಹೊರಬಂದೆ. ಈಗ ಹೇಳುತ್ತೇನೆ, ಕೇಳಿಸಿಕೊಳ್ಳಿ. ನಾನು ಓದಲು ಕಲಿತದ್ದು ಆ ವಿಶೇಷ ಶಾಲೆಯಲ್ಲಿ ಅಲ್ಲ ಸಾರ್, ಹಳ್ಳಿಯ ಶಾಲೆ ರದ್ದಿಗೆ ಎಸೆದ ಪುಸ್ತಕಗಳಲ್ಲಿ. ಈಗ ನನ್ನದೂ ಅದೇ ರದ್ದಿಯಲ್ಲಿದೆ. ಅದನ್ನು ನಮ್ಮ ಕೇರಿಯ ಯಾವ ಮಗು ಹೆಕ್ಕಬೇಕು? ಹೆಕ್ಕಿದರೂ, ಕಾಲುಚೀಲವನ್ನೂ ಲೋಟವನ್ನೂ ಒಂದೇ ನೀರಿಗೆ ಹಾಕುವುದೇ ಬುದ್ಧಿ ಎಂದು ತಾವು ತೀರ್ಮಾನಿಸಿರುವಾಗ ಓದಿ ಏನಾಗಬೇಕು?

ನನ್ನ ಅಣ್ಣನ ಮಗಳು ಸಿಡೋನಿಯಾಗೆ ಆರು ತುಂಬಿತು. ನಾಳೆ ಅವಳ ಪರೀಕ್ಷೆ, ಅದೇ ಹಾಳೆ. ನನ್ನ ಪುಸ್ತಕ ಕಪಾಟಿಗೆ ಮರಳದಿದ್ದರೂ ಸರಿ, ಆ ಚಿತ್ರದಲ್ಲಿ ಇನ್ನೊಂದು ಬೋಗುಣಿ ಬರೆಸಿ. ಬೇಡಿಕೆ ಇಷ್ಟೇ. ಬರೆಸುತ್ತೀರೆಂಬ ನಂಬಿಕೆ ನನಗಿಲ್ಲ. ಈ ಪತ್ರ ಅಚ್ಚಾಗುವಷ್ಟರಲ್ಲಿ ಅವಳ ಫಲಿತಾಂಶವೇ ಬಂದಿರುತ್ತದೆ.

ಅದಕ್ಕೇ ಈ ಬೆಳಿಗ್ಗೆ ಅಜ್ಜಿ ಸೌದೆಗೆ ಹೋದಾಗ ಸಿಡೋನಿಯಾಳನ್ನು ಕೂರಿಸಿಕೊಂಡು ಆ ಚಿತ್ರ ಬರೆದೆ. ಲೋಟದಿಂದ ಬೋಗುಣಿಗೆ ಗೆರೆ ಎಳೆ ಎಂದೆ.

"ಅತ್ತೆ, ಥೂ! ಮುತ್ತಜ್ಜಿ ಬೈತಾಳೆ."

"ಹಾಳೇಲಿ ಮಾತ್ರ ಕಣೇ. ಎಳಿ."

ಎಳೆದಳು. ಆಮೇಲೆ ನಾನು ಹೇಳದೆಯೇ ಎದ್ದು ಹೋಗಿ ಕೈ ತೊಳೆದುಕೊಂಡಳು.

ಇಂತಿ,
ಲೋಟವನ್ನು ಬಿಟ್ಟದ್ದಕ್ಕೆ ದಡ್ಡಿಯಾದ,
ವಿಯೋಲಾ ದುಜ್ದೋವಾ