ಅಚಿಯೆಂಗ್ ಚೀಲ ಕಟ್ಟಿದ್ದಾಳೆ

೨೭ ಡಿಸೆಂಬರ್ ೨೦೨೪, ಶುಕ್ರವಾರ, ಜಕ್ಕೂರು

ಕೀನ್ಯಾದ ಅನಾಥಾಶ್ರಮದಿಂದ ಇವತ್ತು ಕ್ರಿಸ್‌ಮಸ್ ಕಾರ್ಡ್ ಬಂತು. ಆಗಿನಿಂದ ಅದನ್ನು ನಾಲ್ಕು ಸಲ ಓದಿದ್ದೇನೆ.

ದೊಡ್ಡಮ್ಮ ಆ ಆಶ್ರಮಕ್ಕೆ ವರ್ಷಾವರ್ಷ ನೆರವು ಕಳಿಸುತ್ತಾರೆ. ಅವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆಯುವುದು, ಬಂದದ್ದನ್ನು ಕನ್ನಡದಲ್ಲಿ ಓದಿ ಹೇಳುವುದು ಅವರ ದರ್ಬಾರಿನ ಮಹಾಮಂತ್ರಿಯಾದ ನನ್ನ ಘನ ಕರ್ತವ್ಯ. ಅಲ್ಲಿನ ಹುಡುಗಿ ಅಚಿಯೆಂಗ್‌ಗೆ ಬರೆದ ದೀಪಾವಳಿಯ ಕಾಗದಕ್ಕೆ ಅವರು ಹೇಳಿದ್ದು "ಚೆನ್ನಾಗ್ ಓದು ಕಂದಾ" ಅಂತ ಮಾತ್ರ. ನಾನು ತಮಾಷೆಗೆ ಒಂದು ರಾಜಾಜ್ಞೆ ಸೇರಿಸಿದೆ: "ನಮ್ಮ ಮನೆ ಹಿಂದಿನ ಏರೋಡ್ರೋಮಿನಲ್ಲಿ ವಿಮಾನಗಳಿವೆ. ಹೊಸ ವರ್ಷಕ್ಕೆ ಒಂದನ್ನು ಕಳಿಸುತ್ತೇನೆ, ಚೀಲ ಕಟ್ಟಿಕೊಂಡಿರು." ದೊಡ್ಡಮ್ಮ ನನ್ನನ್ನು ನಂಬಿ ಸಹಿ ಹಾಕಿದರು.

ಒಂಬತ್ತು ವರ್ಷದ ಅಚಿಯೆಂಗ್ ಈ ಕಾರ್ಡಿನಲ್ಲಿ ಬರೆದಿದ್ದಾಳೆ: "ಚೀಲ ಕಟ್ಟಿದ್ದೇನೆ ಅಜ್ಜಿ. ನನ್ನ ಮಂಚವನ್ನು ಹೊಸದಾಗಿ ಬಂದ ಹುಡುಗಿಗೆ ಬಿಟ್ಟುಕೊಟ್ಟೆ. ದಿನಾ ಗೇಟಿನ ಹತ್ತಿರ ನಿಂತು ಆಕಾಶ ನೋಡುತ್ತೇನೆ."

"ಏನಂತೆ ಮಗಾ, ನನ್ ಉಡುಗಿ?" ದೊಡ್ಡಮ್ಮ ಕೇಳಿದರು.

"ಚೆನ್ನಾಗಿದ್ದಾಳಂತೆ ದೊಡ್ಡಮ್ಮ."

"ಅಷ್ಟುದ್ದ ಬರ್ದವಳೆ, ಇಷ್ಟೇನಾ? ಸರ್ಯಾಗ್ ಓದೋ, ಕಳ್ ನನ್ಮಗ್ನೆ!"

ಹೊಟ್ಟೆನೋವು ಎಂದು ಎದ್ದು ಬಂದೆ.

ಹೊಸ ವರ್ಷಕ್ಕೆ ಇನ್ನು ಐದೇ ದಿನ. ಆಶ್ರಮಕ್ಕೆ ಇಮೇಲ್ ಬರೆದು ತಪ್ಪೊಪ್ಪಿಕೊಳ್ಳಬಹುದು. ಆದರೆ ಮಾತು ಹೋಗಿರುವುದು ದೊಡ್ಡಮ್ಮನ ಹೆಸರಿನಲ್ಲಿ, ಮೊದಲು ಅವರಿಗೇ ಹೇಳಬೇಕು. ಅವರ ಕೋಣೆಯ ಬಾಗಿಲ ತನಕ ಎರಡು ಸಲ ಹೋಗಿ ವಾಪಸ್ ಬಂದೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಅದೇನೂ ಮಾಡದೆ, "ಅಂಗಾದ್ರೆ ಆ ಮಗು ಅಲ್ಲಿ ಕಾಯ್ತಾ ಕುಂತೈತಾ?" ಎಂದು ಕೇಳಿಬಿಟ್ಟರೆ ನಾನು ಹೌದು ಎನ್ನಬೇಕಾಗುತ್ತದೆ.